ಕುಣಿಯುವ ಚಿತ್ರಗಳ ವೇಷಾಂತರ

ದೀಪಾವಳಿಯ ಬೆಳಿಗ್ಗೆ ಮೊಬೈಲ್ ಫೋನು ತೆರೆದರೆ ಸಾಲು ಸಾಲು ಹಣತೆಗಳು. ಜ್ವಾಲೆ ಎಡಕ್ಕೆ ಬಾಗುತ್ತದೆ, ಬಲಕ್ಕೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಎರಡು ಮೂರು ಸೆಕೆಂಡಿನ ಆಟ. ಮುಗಿದೊಡನೆ ಮೊದಲಿನಿಂದ ಶುರು. ಸದ್ದಿಲ್ಲ, ಮಾತಿಲ್ಲ. ಇತ್ತ ಸಿನಿಮಾವೂ ಅಲ್ಲದ, ಅತ್ತ ಫೋಟೋವೂ ಅಲ್ಲದ ಈ ಪುಟ್ಟ ಚಿತ್ರಗಳನ್ನು ನಾವು ನೋಡಿ, ಮೆಚ್ಚಿ, ಇನ್ನೊಬ್ಬರಿಗೆ ದಾಟಿಸಿ ಮರೆತುಬಿಡುತ್ತೇವೆ.

ಆದರೆ ಚಿತ್ರವನ್ನು ಮೊದಲು ಬರೆದವರ ಗಣಕಯಂತ್ರದಲ್ಲಿದ್ದ ಕಡತವೇ ನಮ್ಮ ಕೈಗೆ ಬಂದಿದೆ ಎಂದುಕೊಂಡರೆ ಅದು ತಪ್ಪು. ಹುಟ್ಟುವಾಗ ಅದು 'ಜಿಫ್' ಆಗಿತ್ತು. ದಾರಿಯಲ್ಲಿ ಯಾವುದೋ ತಂತ್ರಾಂಶ ಅದನ್ನು ಬಿಚ್ಚಿ, ಬಣ್ಣ ಎಣಿಸಿ, ಮತ್ತೆ ಮಡಿಚಿ 'ವೆಬ್‌ಪಿ' ಎಂಬ ಹೊಸ ರೂಪಕ್ಕೆ ತಂದಿರುವ ಸಾಧ್ಯತೆ ಹೆಚ್ಚು. ವಾಟ್ಸ್ಆ್ಯಪ್‌ನಲ್ಲಿ ನಾವು ಅಂಟಿಸುವ ಸ್ಟಿಕ್ಕರುಗಳು ಸಾಮಾನ್ಯವಾಗಿ ವೆಬ್‌ಪಿ ರೂಪದವೇ. 2020ರ ಜುಲೈನಲ್ಲಿ ಅವು ಕುಣಿಯಲೂ ಕಲಿತವು. ಈ ರೂಪ ಬದಲಾವಣೆಗೆ ಕ್ಷಣಾರ್ಧ ಸಾಕು. ಆದರೆ ಅದರ ಹಿಂದೆ ಸುಮಾರು ನಾಲ್ಕು ದಶಕಗಳ ಇತಿಹಾಸವಿದೆ, ಒಂದು ಪೇಟೆಂಟ್ ಜಗಳವಿದೆ. ಏನನ್ನು ಉಳಿಸಬೇಕು, ಏನನ್ನು ಕೈಬಿಡಬಹುದು ಎಂಬ, ಇಂದಿಗೂ ಮುಗಿಯದ ಪ್ರಶ್ನೆಯೂ ಇದೆ.

ಗಂಟೆಗಿಷ್ಟು ಹಣ

ಕಥೆ ಆರಂಭವಾಗುವುದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿನ ಕಂಪ್ಯುಸರ್ವ್ ಕಂಪನಿ ದೂರವಾಣಿ ತಂತಿಯ ಮೂಲಕ ಮನೆಗಳ ಗಣಕಯಂತ್ರಗಳಿಗೆ ಸುದ್ದಿ, ಹವಾಮಾನ, ಪತ್ರವ್ಯವಹಾರ ಇತ್ಯಾದಿ ಸೇವೆ ಒದಗಿಸುತ್ತಿತ್ತು. ಇಂದಿನ ಅಂತರ್ಜಾಲ ಆಗಿನ್ನೂ ಜನಸಾಮಾನ್ಯರ ಬಳಿಗೆ ಬಂದಿರಲಿಲ್ಲ. ಚಂದಾದಾರರು ಸಂಪರ್ಕದಲ್ಲಿದ್ದಷ್ಟು ಹೊತ್ತಿಗೆ ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕಿತ್ತು. ಒಂದೊಂದು ಬಗೆಯ ಗಣಕಯಂತ್ರಕ್ಕೆ ಒಂದೊಂದು ಬಗೆಯ ಚಿತ್ರಕಡತ. ಒಂದರಲ್ಲಿ ಮಾಡಿದ ಚಿತ್ರ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ.

ತೊಂದರೆ ಎಷ್ಟಿತ್ತು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಅಡ್ಡ 320, ಉದ್ದ 200 ಚುಕ್ಕೆಗಳ ಚಿತ್ರವೊಂದರಲ್ಲಿ ಒಟ್ಟು 64,000 ಚುಕ್ಕೆಗಳು. ಚುಕ್ಕೆಗೊಂದು ಬೈಟ್ ಎಂದರೂ 64,000 ಬೈಟ್. ಸೆಕೆಂಡಿಗೆ 1,200 ಬಿಟ್ ಸಾಗಿಸುವ ಅಂದಿನ ಮೋಡೆಮ್‌ನಲ್ಲಿ ಸೆಕೆಂಡಿಗೆ 120 ಬೈಟ್ ಬಂದರೆ ಹೆಚ್ಚು. ಅಂದರೆ ಅಂಚೆಚೀಟಿಯಷ್ಟು ಕಾಣುವ ಒಂದು ಚಿತ್ರಕ್ಕಾಗಿ ಸುಮಾರು ಒಂಬತ್ತು ನಿಮಿಷ ಕಾಯಬೇಕು, ಅಷ್ಟೂ ಹೊತ್ತಿಗೆ ಹಣ ಕೊಡಬೇಕು!

ಇದಕ್ಕೆ ಪರಿಹಾರ ಹುಡುಕಿದ್ದು ಕಂಪ್ಯುಸರ್ವ್‌ನ ಎಂಜಿನಿಯರ್ ಸ್ಟೀವ್ ವಿಲ್ಹೈಟ್ ನೇತೃತ್ವದ ತಂಡ. 1987ರ ಜೂನ್ 15ರಂದು ಹೊರಬಂದ ಈ ಹೊಸ ಕಡತರೂಪಕ್ಕೆ 'ಗ್ರಾಫಿಕ್ಸ್ ಇಂಟರ್‌ಚೇಂಜ್ ಫಾರ್ಮ್ಯಾಟ್', ಅಂದರೆ ಚಿತ್ರ ವಿನಿಮಯ ರೂಪ, ಎಂದು ಹೆಸರಿಟ್ಟರು. ಅದರ ಮೊದಲಕ್ಷರಗಳೇ ಜಿಐಎಫ್. ಇದನ್ನು 'ಗಿಫ್' ಎನ್ನಬೇಕೋ 'ಜಿಫ್' ಎನ್ನಬೇಕೋ ಎಂದು ಇಂಗ್ಲಿಷ್ ಬಲ್ಲವರು ದಶಕಗಳ ಕಾಲ ಕಾದಾಡಿದ್ದಾರೆ. 2013ರಲ್ಲಿ ಜೀವಮಾನ ಸಾಧನೆಯ ವೆಬಿ ಪ್ರಶಸ್ತಿ ಸ್ವೀಕರಿಸಿದ ವಿಲ್ಹೈಟ್ 'ಜಿಫ್' ಎಂಬುದೇ ಸರಿ ಎಂದು ತೀರ್ಪಿತ್ತರು. ಅದನ್ನೂ ಬಾಯಲ್ಲಿ ಹೇಳದೆ ಒಂದು ಚಲಿಸುವ ಚಿತ್ರದ ಮೂಲಕವೇ ತೋರಿಸಿದರು. ಕನ್ನಡದಲ್ಲಿ ಬರೆಯುವವರಿಗೆ ಈ ಜಗಳದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. 'ಗ'ವೋ 'ಜ'ವೋ ಒಂದನ್ನು ಆರಿಸಲೇಬೇಕು. ಇಲ್ಲಿ ಜನಕನ ಮಾತನ್ನೇ ಒಪ್ಪಿಕೊಂಡಿದೆ. ವಿಲ್ಹೈಟ್ 2022ರ ಮಾರ್ಚ್‌ನಲ್ಲಿ ತೀರಿಕೊಂಡರು.

ಜಿಫ್‌ನ ಉಪಾಯ ಎರಡು. ಮೊದಲನೆಯದು, ಚಿತ್ರದಲ್ಲಿ ಬಣ್ಣಗಳು 256ಕ್ಕಿಂತ ಹೆಚ್ಚು ಇರಕೂಡದು ಎಂಬ ಮಿತಿ. ಎರಡನೆಯದು, ಪದೇ ಪದೇ ಬರುವ ಚುಕ್ಕೆಸಾಲುಗಳನ್ನು ಪುಟ್ಟ ಸಂಕೇತಗಳಾಗಿ ಕುಗ್ಗಿಸುವ ವಿಧಾನ. ಕಿರಾಣಿ ಅಂಗಡಿಯವರು ತಿಂಗಳ ಸಾಮಾನಿನ ಪಟ್ಟಿಯನ್ನು ಪ್ರತಿ ಸಲ ಪೂರ್ತಿ ಬರೆಯದೆ 'ಹೋದ ತಿಂಗಳಂತೆ' ಎಂದು ಗುರುತು ಹಾಕಿಕೊಳ್ಳುವುದಿಲ್ಲವೇ? ಹಾಗೆಯೇ ಇದು. ಕುಗ್ಗಿಸಿದ್ದನ್ನು ಬಿಚ್ಚಿದಾಗ ಒಂದು ಚುಕ್ಕೆಯೂ ನಷ್ಟವಾಗುವುದಿಲ್ಲ.

1989ರಲ್ಲಿ ಇದರ ಪರಿಷ್ಕೃತ ರೂಪ ಬಂತು. ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನಿಟ್ಟು, ಒಂದಾದ ಮೇಲೆ ಇನ್ನೊಂದು ಎಷ್ಟು ಹೊತ್ತಿನ ಬಳಿಕ ಕಾಣಬೇಕೆಂದು ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ ಬರೆದಿಡುವ ಸೌಲಭ್ಯ ಅದರಲ್ಲಿತ್ತು. ಕಣ್ಣಿಗೆ ಕಾಣದಂತೆ ಟಿಪ್ಪಣಿ ಬರೆದಿಡಲೂ ಜಾಗವಿತ್ತು. ಆದರೆ ಚಿತ್ರ ಕೊನೆಯಿಲ್ಲದೆ ಮರಳಿ ಮರಳಿ ಓಡುವ ವ್ಯವಸ್ಥೆ ಸೇರಿದ್ದು 1995-96ರಲ್ಲಿ, ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿಯೊಂದಿಗೆ. ಹೀಗೆ ಮರಳಿ ಓಡು ಎಂಬ ಸೂಚನೆಯಿರುವ ಜಿಫ್ ಕಡತದ ಒಡಲಿನಲ್ಲಿ ಇಂದಿಗೂ 'ನೆಟ್‌ಸ್ಕೇಪ್ 2.0' ಎಂಬ ಗುರುತು ಇರುತ್ತದೆ. ಆ ಬ್ರೌಸರಿಗೆ ಬೆಂಬಲ ನಿಂತದ್ದು 2008ರಲ್ಲಿ. ಕಂಪನಿ ಹೋದರೂ ಅದರ ಹೆಸರು ನಮ್ಮ ಹಣತೆಗಳೊಳಗೆ ಅವಿತು ಕುಳಿತಿದೆ.

ವಿಧಾನದ ಒಡೆಯರು ಯಾರು?

ಚಿತ್ರ ಕುಗ್ಗಿಸುವ ಆ ವಿಧಾನ ಕಂಪ್ಯುಸರ್ವ್‌ನದಾಗಿರಲಿಲ್ಲ. ಅದರ ಬೇರು ಇಸ್ರೇಲಿನ ವಿಜ್ಞಾನಿಗಳಾದ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977 ಮತ್ತು 1978ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿದೆ. ಅಮೆರಿಕದ ಟೆರಿ ವೆಲ್ಚ್ ಅದನ್ನು ಸುಧಾರಿಸಿ 1984ರಲ್ಲಿ ಲೇಖನ ಬರೆದರು. ಮೂವರ ಹೆಸರಿನ ಮೊದಲಕ್ಷರ ಸೇರಿ ಅದು 'ಎಲ್‌ಝಡ್‌ಡಬ್ಲ್ಯು' ಎನಿಸಿತು. ಲೇಖನ ಓದಿದವರು ವಿಧಾನವನ್ನು ಮುಕ್ತವಾಗಿ ಬಳಸತೊಡಗಿದರು. ಆದರೆ ವೆಲ್ಚ್ ಕೆಲಸ ಮಾಡಿದ್ದ ಸ್ಪೆರಿ ಕಂಪನಿ 1983ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿತ್ತು. 1985ರ ಡಿಸೆಂಬರ್‌ನಲ್ಲಿ ಅದು ಮಂಜೂರೂ ಆಯಿತು. 1986ರಲ್ಲಿ ಸ್ಪೆರಿ ಮತ್ತು ಬರೋಸ್ ಕಂಪನಿಗಳು ಒಂದಾಗಿ 'ಯೂನಿಸಿಸ್' ಹುಟ್ಟಿದಾಗ ಪೇಟೆಂಟ್ ಅದರ ಪಾಲಾಯಿತು.

1994ರ ಡಿಸೆಂಬರ್ ಕೊನೆಯ ವಾರ. ಜಗತ್ತು ವರ್ಷಾಂತ್ಯದ ರಜೆಯಲ್ಲಿದ್ದಾಗ ಒಂದು ಪ್ರಕಟಣೆ ಹೊರಬಿತ್ತು. ಇನ್ನು ಮುಂದೆ ಜಿಫ್ ಚಿತ್ರ ತಯಾರಿಸುವ ತಂತ್ರಾಂಶ ಮಾರುವವರು ಯೂನಿಸಿಸ್‌ನಿಂದ ಪರವಾನಗಿ ಪಡೆಯಬೇಕು ಎಂಬುದು ಅದರ ಸಾರ. ಏಳು ವರ್ಷ ಎಲ್ಲರೂ ಹಂಚಿಕೊಂಡು ಬಳಸಿದ ಬಾವಿಗೆ ಒಬ್ಬರು ಬಂದು ಬೀಗ ಹಾಕಿದ ಹಾಗಾಯಿತು. ಮುಂದೆ 1999ರಲ್ಲಿ, ಪರವಾನಗಿಯಿಲ್ಲದ ತಂತ್ರಾಂಶದಿಂದ ತಯಾರಿಸಿದ ಜಿಫ್ ಬಳಸುವ ಜಾಲತಾಣಗಳ ಮಾಲೀಕರೂ 5,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ತೆರಬೇಕಾಗಬಹುದು ಎಂಬ ಮಾತು ಬಂದಾಗ ಸಿಟ್ಟು ನೆತ್ತಿಗೇರಿತು. ತಂತ್ರಾಂಶ ಸ್ವಾತಂತ್ರ್ಯದ ಪರವಾಗಿದ್ದವರು ಆ ವರ್ಷದ ನವೆಂಬರ್ 5ನ್ನು 'ಜಿಫ್‌ಗಳನ್ನೆಲ್ಲ ಸುಡುವ ದಿನ' ಎಂದು ಸಾರಿದರು.

ಜಗಳದ ಫಲವಾಗಿ ಒಂದು ಒಳ್ಳೆಯ ಕೆಲಸವೂ ಆಯಿತು. 1995ರ ಜನವರಿ 4ರಂದು, ಅಂದರೆ ಪ್ರಕಟಣೆ ಬಂದು ವಾರ ಕಳೆಯುವಷ್ಟರಲ್ಲಿ, ಥಾಮಸ್ ಬೌಟೆಲ್ ಎಂಬುವರು ಪೇಟೆಂಟ್ ಹಂಗಿಲ್ಲದ ಹೊಸ ಚಿತ್ರರೂಪದ ಕರಡನ್ನು ಮುಂದಿಟ್ಟರು. ಅನೇಕರು ಕೈಜೋಡಿಸಿದರು. 1996ರ ಅಕ್ಟೋಬರ್ 1ರಂದು ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಅಧಿಕೃತ ಶಿಫಾರಸಾದ 'ಪಿಎನ್‌ಜಿ' ಹುಟ್ಟಿದ್ದು ಹೀಗೆ. ಬಣ್ಣದಲ್ಲಿ, ಪಾರದರ್ಶಕತೆಯಲ್ಲಿ, ಕುಗ್ಗಿಸುವ ಶಕ್ತಿಯಲ್ಲಿ ಅದು ಜಿಫ್‌ಗಿಂತ ಮೇಲು.

ಆದರೂ ಜಿಫ್ ಸಾಯಲಿಲ್ಲ. ಏಕೆ? ಕಾರಣ ಬಹಳ ಸರಳ. ಒಂದು ಕಡತ, ಒಂದು ಚಿತ್ರ ಎಂಬ ತತ್ವಕ್ಕೆ ಕಟ್ಟುಬಿದ್ದ ಪಿಎನ್‌ಜಿ ತಂಡ ಚಲನೆಯನ್ನು ಬೇಕೆಂದೇ ಹೊರಗಿಟ್ಟಿತು. ಚಲನೆಗೆಂದೇ ಮಾಡಿದ 'ಎಂಎನ್‌ಜಿ' ತೀರಾ ಜಟಿಲವಾಗಿ ಬ್ರೌಸರುಗಳ ಆದರಕ್ಕೆ ಪಾತ್ರವಾಗಲಿಲ್ಲ. 2004ರಲ್ಲಿ ಮೊಜಿಲ್ಲಾದ ಇಬ್ಬರು ಸೂಚಿಸಿದ ಸರಳ 'ಎಪಿಎನ್‌ಜಿ'ಯನ್ನು ಪಿಎನ್‌ಜಿ ಬಳಗ 2007ರಲ್ಲಿ ಮತ ಹಾಕಿ ತಿರಸ್ಕರಿಸಿತು. ಅದೇ ಎಪಿಎನ್‌ಜಿ ಕೊನೆಗೆ 2025ರ ಜೂನ್‌ನಲ್ಲಿ ಪಿಎನ್‌ಜಿಯ ಮೂರನೆಯ ಆವೃತ್ತಿಯಲ್ಲಿ ಅಧಿಕೃತ ಸ್ಥಾನ ಪಡೆಯಿತು. ಮೊದಲ ಶಿಫಾರಸಿಗೂ ಇದಕ್ಕೂ ನಡುವೆ 29 ವರ್ಷಗಳ ಅಂತರ!

ಈ ನಡುವೆ ಜನ ಕಾದು ಕುಳಿತಿರಲಿಲ್ಲ. 1996ರಿಂದ ಹಬ್ಬಿದ 'ಕುಣಿಯುವ ಮಗು', ತಿರುಗುವ ಭೂಗೋಳ, 'ಕಾಮಗಾರಿ ನಡೆಯುತ್ತಿದೆ' ಎಂದು ಸಲಿಕೆ ಹಿಡಿದ ಕೂಲಿಯಾಳು, ಎಲ್ಲವೂ ಜಿಫ್‌ಗಳೇ ಆಗಿದ್ದವು. ಅಮೆರಿಕದಲ್ಲಿ ಪೇಟೆಂಟ್ ಅವಧಿ 2003ರ ಜೂನ್ 20ಕ್ಕೆ ಮುಗಿಯಿತು. ಯುರೋಪು, ಜಪಾನ್, ಕೆನಡಾಗಳಲ್ಲಿ ಮರುವರ್ಷ. ಬೀಗ ತೆರೆಯುವ ಹೊತ್ತಿಗೆ ಬಾವಿಯ ಸುತ್ತ ಊರೇ ಬೆಳೆದಿತ್ತು.

ವಿಡಿಯೋ ಮನೆತನದ ಹೊಸಬ

ಜಿಫ್‌ನ ದೊಡ್ಡ ದೋಷವೆಂದರೆ ಅದರ ಗಾತ್ರ. ವ್ಯಂಗ್ಯಚಿತ್ರದಂಥ ಸಪಾಟು ಬಣ್ಣಗಳಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಸಿನಿಮಾದ ತುಣುಕನ್ನು ಅದರೊಳಗೆ ತುರುಕಿದರೆ ಕಡತ ಉಬ್ಬುತ್ತದೆ. ನೆತ್ತಿಯ ಮೇಲಿನ ಆಕಾಶಕ್ಕೇ ನೂರಾರು ಬಗೆಯ ನೀಲಿ ಬೇಕು. ಇರುವುದು ಒಟ್ಟು 256 ಬಣ್ಣ. ಕೊರತೆ ಮುಚ್ಚಲು ತಂತ್ರಾಂಶ ಬೇರೆ ಬೇರೆ ಬಣ್ಣದ ಚುಕ್ಕೆಗಳನ್ನು ಬೆರೆಸಿ ಎರಚುತ್ತದೆ. ಈ ಎರಚಲು ಚುಕ್ಕೆಗಳಲ್ಲಿ ಒಂದೇ ಸಾಲು ಮರಳಿ ಬರುವುದು ಅಪರೂಪವಾದ್ದರಿಂದ 'ಹೋದ ತಿಂಗಳಂತೆ' ಎಂಬ ಉಪಾಯ ಕೈಕೊಡುತ್ತದೆ.

2010ರ ಫೆಬ್ರುವರಿಯಲ್ಲಿ ಗೂಗಲ್ 'ಆನ್2 ಟೆಕ್ನಾಲಜೀಸ್' ಎಂಬ ವಿಡಿಯೋ ತಂತ್ರಜ್ಞಾನ ಕಂಪನಿಯನ್ನು ಕೊಂಡಿತು. ಅದರ 'ವಿಪಿ8' ವಿಡಿಯೋ ವಿಧಾನದಲ್ಲಿ ಒಂದೊಂದೇ ಬಿಡಿಚಿತ್ರವನ್ನು ಕುಗ್ಗಿಸುವ ಭಾಗವನ್ನಷ್ಟೇ ತೆಗೆದುಕೊಂಡು ಅದೇ ವರ್ಷ ಸೆಪ್ಟೆಂಬರ್ 30ರಂದು 'ವೆಬ್‌ಪಿ'ಯನ್ನು ಪ್ರಕಟಿಸಿತು. ಹಳೆಯ ಜಗಳದ ನೆನಪು ಇನ್ನೂ ಇದ್ದುದರಿಂದ, ಇದರಲ್ಲಿರುವ ತನ್ನ ಪೇಟೆಂಟುಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು ಎಂದೂ ಗೂಗಲ್ ಲಿಖಿತವಾಗಿ ಹೇಳಿತು. 2011ರಲ್ಲಿ ನಷ್ಟವಿಲ್ಲದೆ ಕುಗ್ಗಿಸುವ ಬಗೆಯೂ ಪಾರದರ್ಶಕತೆಯೂ ಸೇರಿದವು. 2014ರ ಜನವರಿಯಲ್ಲಿ ಬಂದ ಕ್ರೋಮ್ ಬ್ರೌಸರಿನ 32ನೆಯ ಆವೃತ್ತಿಯಲ್ಲಿ ಚಲಿಸುವ ವೆಬ್‌ಪಿ ಕಾಣಿಸಿಕೊಂಡಿತು.

ಉಳಿದವರು ಕೂಡಲೇ ಒಪ್ಪಲಿಲ್ಲ. ಒಂದೇ ಕಂಪನಿಯ ಮನೆಯಿಂದ ಬಂದ ಇನ್ನೊಂದು ರೂಪ ಅಗತ್ಯವೇ ಎಂಬ ಅನುಮಾನ ಬಹುಕಾಲ ಇತ್ತು. ಫೈರ್‌ಫಾಕ್ಸ್ ಒಪ್ಪಿದ್ದು 2019ರ ಜನವರಿಯಲ್ಲಿ. ಆಪಲ್‌ನ ಸಫಾರಿ ಒಪ್ಪಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಹತ್ತು ವರ್ಷಗಳ ಈ ಕಾಯುವಿಕೆ ಮುಗಿದ ಮೇಲೆಯೇ ಜಾಲತಾಣಗಳು ಧೈರ್ಯವಾಗಿ ಹಳೆಯ ಜಿಫ್‌ಗಳನ್ನು ಹೊಸ ರೂಪಕ್ಕೆ ತಿರುಗಿಸತೊಡಗಿದವು.

ಬಿಚ್ಚಿ ಮಡಿಸುವ ಕೆಲಸ

ಪರಿವರ್ತಕ ತಂತ್ರಾಂಶ ಮಾಡುವುದೇನು? ಜಿಫ್‌ನಲ್ಲಿ ಸಾಮಾನ್ಯವಾಗಿ ಮೊದಲ ಚಿತ್ರ ಮಾತ್ರ ಪೂರ್ತಿ ಇರುತ್ತದೆ. ಮುಂದಿನವು ಬದಲಾದ ಭಾಗದ ತುಂಡುಗಳು. ಹಣತೆಯ ಉದಾಹರಣೆಯಲ್ಲಿ ಮಣ್ಣಿನ ಬಟ್ಟಲು ಒಮ್ಮೆ ಬಂದರೆ ಸಾಕು, ಆಮೇಲೆ ಬರುವುದು ಜ್ವಾಲೆಯ ತುಂಡುಗಳಷ್ಟೇ. ತಂತ್ರಾಂಶ ಈ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಪ್ರತಿ ಹಂತದ ಪೂರ್ಣ ಚಿತ್ರ ಕಟ್ಟಿಕೊಳ್ಳುತ್ತದೆ. ಬಳಿಕ ಎರಡು ಹಂತಗಳ ನಡುವೆ ಏನು ಬದಲಾಗಿದೆ ಎಂದು ತಾನೇ ಹುಡುಕಿ, ಆ ಭಾಗವನ್ನು ಹೊಸ ವಿಧಾನದಲ್ಲಿ ಕುಗ್ಗಿಸುತ್ತದೆ. ಸೆಕೆಂಡಿನ ನೂರನೆಯ ಭಾಗದ ಲೆಕ್ಕ ಸಾವಿರದ ಭಾಗಕ್ಕೆ ಬದಲಾಗುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಒಂದು, ಚುಕ್ಕೆ ಚುಕ್ಕೆಯನ್ನೂ ಹಾಗೆಯೇ ಉಳಿಸುವ ದಾರಿ. ಇನ್ನೊಂದು, ಕಣ್ಣು ಗಮನಿಸದ ವಿವರಗಳನ್ನು ಬಿಟ್ಟುಕೊಟ್ಟು ಗಾತ್ರ ಇಳಿಸುವ ದಾರಿ. ಗೂಗಲ್‌ನದೇ ಲೆಕ್ಕದ ಪ್ರಕಾರ ಮೊದಲ ದಾರಿಯಲ್ಲಿ ಜಿಫ್‌ನ ಗಾತ್ರ ಶೇ 19ರಷ್ಟು ಇಳಿದರೆ, ಎರಡನೆಯದರಲ್ಲಿ ಶೇ 64ರಷ್ಟು ಇಳಿಯುತ್ತದೆ. ಸಾವಿರ ಕಿಲೋಬೈಟಿನ ಚಿತ್ರ ಒಂದರಲ್ಲಿ 810 ಆದರೆ ಇನ್ನೊಂದರಲ್ಲಿ 360. ಹಳ್ಳಿಯ ಮೂಲೆಯಲ್ಲಿ ಸಿಗ್ನಲ್‌ಗಾಗಿ ಜಗಲಿಯ ತುದಿಗೆ ಬಂದು ನಿಲ್ಲುವವರಿಗೆ ಈ ಅಂತರ ಸಣ್ಣದಲ್ಲ.

ಆದರೆ ಉಳಿತಾಯಕ್ಕೆ ಬೆಲೆಯೂ ಇದೆ. ಎರಡನೆಯ ದಾರಿಯಲ್ಲಿ ವೆಬ್‌ಪಿ ಬೆಳಕಿನ ವಿವರವನ್ನು ಚುಕ್ಕೆ ಲೆಕ್ಕದಲ್ಲಿ ಇಟ್ಟುಕೊಂಡರೂ, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೊಂದರಂತೆ ಮಾತ್ರ ಇಡುತ್ತದೆ. ಮುಖಗಳಲ್ಲಿ, ಮೋಡಗಳಲ್ಲಿ ಇದು ಗೊತ್ತಾಗುವುದಿಲ್ಲ. ಗಾಢ ಬಣ್ಣದ ಸಣ್ಣ ಅಕ್ಷರಗಳಲ್ಲಿ ಗೊತ್ತಾಗುತ್ತದೆ. ರಾಜ್ಯೋತ್ಸವದ ಶುಭಾಶಯವೊಂದರಲ್ಲಿ ಹಳದಿಯ ಮೇಲೆ ಕೆಂಪಿನಲ್ಲಿ ಬರೆದ ಕನ್ನಡದ ಒತ್ತಕ್ಷರಗಳ ಅಂಚು ಕಲಸಿದಂತೆ ಕಂಡರೆ ಅದಕ್ಕೆ ಇದೂ ಕಾರಣವಿರಬಹುದು. ಇಂಥ ಚಿತ್ರಗಳಿಗೆ ಮೊದಲ ದಾರಿಯೇ ಲೇಸು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ನಿವಾರಿಸಿಕೊಳ್ಳಬೇಕು. ವೆಬ್‌ಪಿ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ತಾಳಬಲ್ಲುದು ನಿಜ. ಆದರೆ ಜಿಫ್ ಮಾಡುವಾಗಲೇ ಕಳೆದುಹೋದ ಬಣ್ಣಗಳು ಪರಿವರ್ತನೆಯಿಂದ ಮರಳುವುದಿಲ್ಲ. ಹಳೆಯ ಕ್ಯಾಸೆಟ್ಟಿನ ಹಾಡನ್ನು ಸಿ.ಡಿ.ಗೆ ಹಾಕಿಸಿದರೆ ಕ್ಯಾಸೆಟ್ಟಿನ ಕರಕರ ಸದ್ದು ಹೋದೀತೇ?

ವೇಗದ ವಿಷಯವೂ ಸ್ವಾರಸ್ಯಕರವಾಗಿದೆ. ಹಳೆಯ ಜಿಫ್‌ಗಳಲ್ಲಿ ಎಷ್ಟೋ ಸಲ ಚಿತ್ರಗಳ ನಡುವಿನ ಕಾಲ 'ಸೊನ್ನೆ' ಎಂದೇ ಬರೆದಿರುತ್ತದೆ. ಅಕ್ಷರಶಃ ಪಾಲಿಸಿದರೆ ಚಿತ್ರ ಕಣ್ಣಿಗೆ ನಿಲುಕದಂತೆ ಓಡಬೇಕು. ಬ್ರೌಸರುಗಳು ಅದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗವೆಂದು ತಿಳಿಯುವ ರೂಢಿ ಬೆಳೆಸಿಕೊಂಡವು. ಗೂಗಲ್‌ನ ಪರಿವರ್ತಕವೂ ಈ ರೂಢಿಯನ್ನೇ ಅನುಸರಿಸುತ್ತದೆ. ಅಂದರೆ ಹೊಸ ಕಡತಕ್ಕೆ ದಾಟುವುದು ಮೂಲದಲ್ಲಿ ಬರೆದದ್ದಲ್ಲ, ಜನ ನೋಡಿ ಬಂದದ್ದು.

ಓಲೆಗರಿಯ ಕೊನೆಯ ಸಾಲು

ನಮ್ಮ ಓಲೆಗರಿ ಗ್ರಂಥಗಳ ಕೊನೆಯಲ್ಲಿ ಪ್ರತಿ ಮಾಡಿದಾತ ತನ್ನ ಹೆಸರು, ಊರು, ಸಂವತ್ಸರ ಬರೆದಿಡುವ ಪದ್ಧತಿ ಇತ್ತು. ಕಾವ್ಯಕ್ಕೆ ಸಂಬಂಧವಿಲ್ಲದ ಆ ಒಂದೆರಡು ಸಾಲುಗಳಿಂದಲೇ ವಿದ್ವಾಂಸರು ಎಷ್ಟೋ ಸಂಗತಿಗಳನ್ನು ಗುರುತಿಸಿದ್ದಾರೆ. ಜಿಫ್‌ನಲ್ಲಿ ಟಿಪ್ಪಣಿಗೆ ಜಾಗವಿದೆ ಎಂದು ಮೇಲೆ ಹೇಳಿದೆಯಷ್ಟೆ. ಚಿತ್ರ ಬರೆದವರು ತಮ್ಮ ಹೆಸರನ್ನು ಬರೆದಿಡಬಹುದಾದ ಜಾಗ ಅದು. ಗೂಗಲ್‌ನ ಪರಿವರ್ತಕ ಆ ಟಿಪ್ಪಣಿಯನ್ನು ಓದಿ ಪಕ್ಕಕ್ಕಿಡುತ್ತದೆ. ಹೊಸ ಕಡತಕ್ಕೆ ದಾಟಿಸುವುದಿಲ್ಲ. ಚಿತ್ರ ಹಾಗೆಯೇ ಕುಣಿಯುತ್ತಿರುತ್ತದೆ. ಕುಣಿಸಿದವರ ಹೆಸರು ಮಾತ್ರ ಯಾರಿಗೂ ಗೊತ್ತಾಗದಂತೆ ಉದುರಿಹೋಗಿರುತ್ತದೆ.

ಇದು ಸಣ್ಣ ಮಾತಲ್ಲ. ಜನಸಾಮಾನ್ಯರು ತಮ್ಮದೇ ಪುಟ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದ್ದ 'ಜಿಯೋಸಿಟೀಸ್' ಎಂಬ ಅಮೆರಿಕದ ಜಾಲತಾಣ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಕೆಲವರ ಮುಂದಾಲೋಚನೆಯಿಂದ ಅದರ ಪುಟಗಳು ದೊಡ್ಡ ಪ್ರಮಾಣದಲ್ಲಿ ಉಳಿದವು. 2016ರಲ್ಲಿ 'ಇಂಟರ್‌ನೆಟ್ ಆರ್ಕೈವ್' ಎಂಬ ಸಂಸ್ಥೆ ಆ ಪುಟಗಳಿಂದ ಹೆಕ್ಕಿದ ಸುಮಾರು 45 ಲಕ್ಷ ಚಲಿಸುವ ಜಿಫ್‌ಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಒಂದು ಕಾಲದ ಜನ ಹೇಗೆ ನಕ್ಕರು, ಹೇಗೆ ಹಬ್ಬ ಮಾಡಿದರು, ತಮ್ಮ ಬಾಗಿಲಿಗೆ ಹೇಗೆ ತೋರಣ ಕಟ್ಟಿದರು ಎಂಬುದಕ್ಕೆ ಅವು ಸಾಕ್ಷಿ. ಮೂಲರೂಪದಲ್ಲೇ ಉಳಿದದ್ದರಿಂದ ಅವುಗಳ ಒಳಗಿನ ಗುರುತುಗಳೂ ಉಳಿದಿವೆ.

ಹೊಸತೆಲ್ಲ ಸುರಕ್ಷಿತ ಎಂದೂ ತಿಳಿಯಬೇಕಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಬಿಚ್ಚುವ ತಂತ್ರಾಂಶದಲ್ಲೇ ಗಂಭೀರ ದೋಷವೊಂದು ಪತ್ತೆಯಾಗಿ, ಕ್ರೋಮ್, ಫೈರ್‌ಫಾಕ್ಸ್ ಮೊದಲಾದವನ್ನೆಲ್ಲ ತುರ್ತಾಗಿ ಸರಿಪಡಿಸಬೇಕಾಯಿತು. ಒಂದೇ ತಂತ್ರಾಂಶವನ್ನು ಎಲ್ಲರೂ ನೆಚ್ಚಿಕೊಂಡಾಗ ಒಂದು ಬಿರುಕು ಎಲ್ಲರ ಗೋಡೆಯ ಬಿರುಕಾಗುತ್ತದೆ. ಹೊಸತು ಹಳತಾಗುವುದೂ ತಡವಿಲ್ಲ. 2019ರಲ್ಲಿ ಬಂದ 'ಎವಿಐಎಫ್' ಎಂಬ ರೂಪವನ್ನು ಈಗ ಪ್ರಮುಖ ಬ್ರೌಸರುಗಳೆಲ್ಲ ತೆರೆಯಬಲ್ಲವು. ಚಲಿಸುವ ವೆಬ್‌ಪಿಯಲ್ಲಿ ಒಂದೊಂದು ತುಂಡನ್ನೂ ಬಿಡಿಬಿಡಿಯಾಗಿ ಕುಗ್ಗಿಸಬೇಕು. ಎವಿಐಎಫ್ ನಿಜವಾದ ವಿಡಿಯೋದಂತೆ ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸಬಲ್ಲುದು.

ಹಾಗಾದರೆ ಪರಿವರ್ತನೆ ಬೇಡವೇ? ಬೇಕು. ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಾರದಿದ್ದರೆ ಪಂಪ ರನ್ನರು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆದರೆ ಅಚ್ಚಾದ ಮೇಲೆ ಓಲೆಗರಿಯನ್ನು ಒಲೆಗೆ ಹಾಕುವುದು ಜಾಣತನವಲ್ಲ. ಮನೆಯ ಹಳೆಯ ಗಣಕಯಂತ್ರದಲ್ಲಿ, ಶಾಲೆಯ ಹಳೆಯ ಜಾಲತಾಣದಲ್ಲಿ ಇಂಥ ಚಿತ್ರಗಳಿದ್ದರೆ ನೋಡುವುದಕ್ಕೂ ಕಳಿಸುವುದಕ್ಕೂ ಹೊಸ ರೂಪ ಮಾಡಿಕೊಳ್ಳೋಣ. ಮೂಲ ಕಡತವನ್ನು ಮಾತ್ರ ಅಳಿಸದೆ ಒಂದು ಕಡೆ ತೆಗೆದಿಡೋಣ. ನಾಳೆ ಇನ್ನೊಂದು ರೂಪ ಬಂದಾಗ ಪ್ರತಿಯ ಪ್ರತಿಯಿಂದಲ್ಲ, ಮೂಲದಿಂದಲೇ ಮತ್ತೆ ಹೊರಡಬಹುದು. ಹಣತೆ ಬೆಳಗುತ್ತಿರಲಿ. ಅದನ್ನು ಹಚ್ಚಿದವರ ಹೆಸರೂ ಅದರ ಬುಡದಲ್ಲಿ ಉಳಿದಿರಲಿ.